ಇವತ್ತಿನ ಬಿಳಿ, ನಿನ್ನೆಯ ಹಳದಿ

ಗಾಜಿನ ಅಂಗಡಿಯಲ್ಲಿ ಅವನನ್ನು ಚೂರಪ್ಪ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಟ್ಟೆ ಅಂಗಡಿಯೊಂದಕ್ಕೆ ಹೋಗಬೇಕಿದ್ದ ಆಳೆತ್ತರದ ಕನ್ನಡಿಯನ್ನು ಗೋಡೆಗೆ ಒರಗಿಸಿ, ಪರವಾಗಿಲ್ಲ ಚೆನ್ನಾಗೇ ಇದ್ದೀನಲ್ಲ ಎಂದು ತನ್ನನ್ನು ತಾನೇ ನೋಡಿಕೊಂಡು ನಿಂತಿದ್ದರ ಫಲ ಅದು. ಕನ್ನಡಿ ಜಾರಿತು. ಒಂದು ಮುಖ ಹೋಗಿ ನೆಲದ ತುಂಬ ನೂರಾರು ಮುಖಗಳಾದವು, ಒಂದೂ ಚೆನ್ನಾಗಿರಲಿಲ್ಲ. ಆಮೇಲೆ ಕೆಲಸ ಕಲಿತ. ಈಗ ಅವನು ವಜ್ರದ ಮೊನೆಯಿಂದ ಒಂದೇ ಸಲ ಗೀರಿ, ಬೆರಳ ತುದಿಯಲ್ಲಿ ತಟ್ಟಿದರೆ ಗಾಜು ಹೇಳಿದಲ್ಲೇ ಬೇರೆಯಾಗುತ್ತದೆ. ಹೆಸರು ಮಾತ್ರ ಹಾಗೇ ಉಳಿಯಿತು. ಹೆಸರೇನು ಗಾಜೇ, ಒಡೆದುಹೋಗಲು.

ಮನೆಯಲ್ಲಿ ಅವನಿಗೆ ಇದಕ್ಕಿಂತ ದೊಡ್ಡ ಬಿರುದಿತ್ತು: ಅಳಿಯಂದಿರು. ಮದುವೆಯಾದಾಗ, ಬಾಡಿಗೆ ಮನೆ ಸಿಗುವವರೆಗೆ ಎಂದು ಒಂದು ಸೂಟ್‌ಕೇಸು ಹಿಡಿದು ಹೆಂಡತಿಯ ತವರಿಗೆ ಬಂದವನು. ಸೂಟ್‌ಕೇಸು ಅಟ್ಟ ಸೇರಿತು. ಬಾಡಿಗೆ ಮನೆ ಇನ್ನೂ ಸಿಕ್ಕಿಲ್ಲ, ಹುಡುಕಿದರೆ ತಾನೇ ಸಿಗುವುದು. ಮನೆ ಅಳಿಯ ಎಂದರೆ ಊಟದ ಹೊತ್ತಿಗೆ ನೆಂಟ, ನಲ್ಲಿ ಕೆಟ್ಟಾಗ ಮಗ ಎಂದು ಅಂಗಡಿಯಲ್ಲಿ ತಾನೇ ಹೇಳಿ ನಗಿಸುತ್ತಿದ್ದ. ಅತ್ತೆ ನಗುತ್ತಿರಲಿಲ್ಲ. ಈ ಮದುವೆ ಅವರಿಗೆ ಒಪ್ಪಿಗೆಯಿರಲಿಲ್ಲ. ಹಾಗೆಂದು ಒಂದು ದಿನವೂ ಜಗಳ ತೆಗೆದವರಲ್ಲ. ಅಳಿಯಂದಿರು ಬಂದರಾ, ಅಳಿಯಂದಿರಿಗೆ ಬಿಸಿನೀರು ಇದೆಯಾ ನೋಡು ಎನ್ನುತ್ತ, ಮರ್ಯಾದೆಯನ್ನೇ ಕೋಲು ಮಾಡಿಕೊಂಡು ಅವನನ್ನು ಒಂದು ಮಾರು ದೂರ ನಿಲ್ಲಿಸಿದ್ದರು.

ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ಆಯುಸ್ಸು ಸವೆಸಿದವರು. ಗಂಡ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಆ ಕತ್ತರಿಯಲ್ಲೇ ಸಾಕಿ ದಡ ಸೇರಿಸಿದರು. ಆ ಕಾಲದಲ್ಲೇ ಒಂದು ಸಂಜೆ, ಕಾರ್ಖಾನೆ ಗೇಟಿನ ಪಕ್ಕದ ಬೇಲಿಯಿಂದ ಗೇಣುದ್ದದ ಕಡ್ಡಿಯೊಂದನ್ನು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಖಾಲಿ ಊಟದ ಡಬ್ಬಿಯಲ್ಲಿಟ್ಟು ತಂದು ಮನೆ ಮುಂದಿನ ಅಂಗೈ ಅಗಲದ ಜಾಗದಲ್ಲಿ ನೆಟ್ಟರು. ಹನಿಸಕಲ್ ಬಳ್ಳಿ. ಕಡ್ಡಿ ಕಂಬವಾಯಿತು, ಬಾಗಿಲ ಮೇಲೆ ಎಳೆದ ತಂತಿ ಹಿಡಿದು ಸೂರಿಗೆ ಹತ್ತಿತು, ಪಕ್ಕದ ಬಚ್ಚಲುಮನೆಯ ಕಿಟಕಿಯ ಮೇಲೂ ಇಳಿಬಿದ್ದಿತು. ಹೂಬಿಡುವ ಕಾಲದಲ್ಲಿ ಸಂಜೆಯಾದರೆ ಅದರ ಜೇನಿನಂಥ ಪರಿಮಳ ರಸ್ತೆಯ ತಿರುವಿಗೇ ಬಂದು ಕೈ ಹಿಡಿದು ಮನೆಗೆ ಕರೆತರುತ್ತಿತ್ತು.

ಆ ಹೂವಿನದೊಂದು ಗುಣ. ಅರಳಿದ ದಿನ ಅಚ್ಚ ಬಿಳಿ, ಮರುದಿನ ಸಂಜೆಗೆ ಹಳದಿ. ಅದಕ್ಕೇ ಬಳ್ಳಿಯ ಮೇಲೆ ಯಾವಾಗಲೂ ಎರಡು ಬಣ್ಣ. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ಆ ಎರಡೂ ಒಂದಾದವು. ಒಂದು ಸಂಜೆ ಬಾಗಿಲಲ್ಲಿ ನಿಂತು ಅವರು, ಯಾರಿಗೆಂದೂ ಇಲ್ಲದೆ, "ಇವತ್ತು ಅರಳಿದ್ದು ಬಿಳಿ, ನಿನ್ನೇದು ಹಳದಿ. ಈಗ ನನಗೆ ಎಲ್ಲಾ ನಿನ್ನೇದೇ," ಎಂದರು. ಅಳಿಯನ ಎದೆಗೆ ಆ ಮಾತು ಎಲ್ಲೋ ನಾಟಿತು. ಆಪರೇಷನ್ ಮಾಡಿಸಿಕೊಳ್ಳಿ ಎಂದು ಅವನು ಅವರ ಹಿಂದೆ ಬಿದ್ದ.

ಅತ್ತೆಗೆ ಕಣ್ಣಿನ ಆಪರೇಷನ್ ಎಂದರೆ ಜೀವಭಯ. ಅವರ ಅಕ್ಕ ಹಿಂದೆ ಯಾವಾಗಲೋ ಮಾಡಿಸಿಕೊಂಡು ಇದ್ದ ಮಂಜುಗಣ್ಣನ್ನೂ ಕಳೆದುಕೊಂಡಿದ್ದಳು. ಮಕ್ಕಳಿಬ್ಬರೂ ಹೇಳಿ ಹೇಳಿ ಸೋತಿದ್ದರು. ಅಳಿಯ ಮಾತ್ರ ಬೇತಾಳನ ಹಾಗೆ ಬಿಡದೆ ಹಿಡಿದ. ಕೊನೆಗೆ, ಈ ಸಲದ ಹೂವನ್ನಾದರೂ ಕಣ್ಣಾರೆ ನೋಡಿ ಎಂದಾಗ ಅತ್ತೆ ಒಂದು ಕರಾರು ಹಾಕಿದರು. ಮೊದಲು ಒಂದೇ ಕಣ್ಣು. ಬಂದು ಬಳ್ಳಿ ನೋಡುವುದು. ಬಿಳಿ ಬಿಳಿಯಾಗಿ ಕಂಡರೆ ಇನ್ನೊಂದು ಕಣ್ಣು. ಕಾಣದಿದ್ದರೆ ಮತ್ತೆ ಆ ಮಾತು ಯಾರೂ ಎತ್ತಕೂಡದು. ಡಾಕ್ಟರು ಅಳಿಯನನ್ನು ಪಕ್ಕಕ್ಕೆ ಕರೆದು, ಆ ಇನ್ನೊಂದು ಕಣ್ಣೇ ಹೆಚ್ಚು ಕೆಟ್ಟಿದೆ, ತಡಮಾಡಿದರೆ ಕಷ್ಟ ಎಂದಿದ್ದರು. ಆದರೆ ಆ ಕರಾರಿನ ಮುಂದೆ ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳ ಚಾರ್ಟು ಲೆಕ್ಕಕ್ಕಿಲ್ಲ. ಅತ್ತೆಯ ಚಾರ್ಟು ಮನೆ ಬಾಗಿಲ ಮೇಲಿತ್ತು.

ಆಪರೇಷನ್ ಆಯಿತು. ಧೂಳು ತಾಗಬಾರದೆಂದು ಅತ್ತೆ ಕೆಲವು ದಿನ ದೊಡ್ಡ ಮಗಳ ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ಹೊರಡುವ ಮುಂಚೆ ಅವರು ಬಳ್ಳಿಯನ್ನು ಅಳಿಯನಿಗೆ ಒಪ್ಪಿಸಿದ್ದರು. ಮಗಳಿಗಲ್ಲ, ಅಳಿಯನಿಗೆ. ಬುಡಕ್ಕೆ ನೆರಳು, ತಲೆಗೆ ಬಿಸಿಲು. ಬುಡದ ಸುತ್ತ ಇಟ್ಟ ಹೆಂಚಿನ ಚೂರು ತೆಗೆಯಬಾರದು. ಚಿಗುರಿಗೆ ಹೇನು ಕೂತರೆ ಸೋಪಿನ ನೀರು. ಎಳೆ ಬಳ್ಳಿಯನ್ನು ತಂತಿಗೆ ಹಬ್ಬಿಸುವಾಗ ಅದು ಯಾವ ಕಡೆ ಸುತ್ತುತ್ತದೋ ಆ ಕಡೆಗೇ ಸುತ್ತಬೇಕು. ಇನ್ನೊಂದು ಕಡೆ ಸುತ್ತಿದರೆ ಬೆಳಗಾಗುವುದರಲ್ಲಿ ಬಿಚ್ಚಿಕೊಳ್ಳುತ್ತದೆ, ಅದಕ್ಕೂ ಹಟ ಇದೆ ಎಂದರು. ಕೊನೆಗೆ, ಕತ್ತರಿ ಮಾತ್ರ ಮುಟ್ಟಬೇಡಿ ಎಂದರು.

ಅವನು ಕತ್ತರಿ ಮುಟ್ಟಲಿಲ್ಲ. ಗರಗಸ ಮುಟ್ಟಿದ.

ಭಾನುವಾರ, ರಜೆ, ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ಅವನು ಬುಡದ ಹೆಂಚು ಸರಿಸಿ ನೋಡಿದ. ಮೇಲೆ ಅಷ್ಟು ಹಸಿರು, ಮೊಗ್ಗಿನ ಗೊಂಚಲು. ಕೆಳಗೆ ನೋಡಿದರೆ ಮಣಿಕಟ್ಟಿನಷ್ಟು ದಪ್ಪದ ಒಂದು ಒಣ ಕಾಂಡ. ತೊಗಟೆ ಉದ್ದುದ್ದ ಸೀಳಿ, ಹಳೆಯ ಕಾಗದದಂತೆ ಸಿಪ್ಪೆ ಸಿಪ್ಪೆಯಾಗಿ ಕೈಗೇ ಬರುತ್ತಿತ್ತು. ಬುಡದಿಂದ ಮೇಲಿನವರೆಗೆ ಬಿರುಕು. ಬಿರುಕು ಕಂಡದ್ದೇ ಅವನ ಕೈ ತುರಿಸಿತು. ಅಂಗಡಿಯ ಮೇಸ್ತ್ರಿ ಮೊದಲ ದಿನದಿಂದ ಕಿವಿಗೆ ತುಂಬಿದ್ದು ಒಂದೇ ಮಾತು: ಬಿರುಕಿಗೆ ಕನಿಕರ ತೋರಿಸಬೇಡ. ಬಿಟ್ಟರೆ ಅದು ತನಗೆ ಬೇಕಾದ ಕಡೆ ಓಡಿ ಇಡೀ ಗಾಜನ್ನು ತಿನ್ನುತ್ತದೆ. ಓಡುವ ಮುಂಚೆ ಆ ತುಂಡನ್ನು ಕತ್ತರಿಸಿ ಬಿಸಾಡು. ಇದು ಸತ್ತ ಕಾಂಡ, ಹಸಿರು ಬಳ್ಳಿ ಇದಕ್ಕೆ ಒರಗಿ ನಿಂತಿದೆ ಅಷ್ಟೇ, ಈ ಕೊಳೆ ಮೇಲಕ್ಕೇರಿದರೆ ಅತ್ತೆಯ ಹೂವು ಹೋದ ಹಾಗೇ ಎಂದು ಲೆಕ್ಕ ಹಾಕಿ, ಗರಗಸ ತಂದು, ಬುಡದಲ್ಲೇ ಕೊಯ್ದ. ಅರ್ಧ ಕೊಯ್ದಾಗ ಒಳಗೆ ಹಸಿಯಾಗಿತ್ತು. ಅವನ ಕೈ ನಿಂತಿತು. ಆದರೆ ಅರ್ಧ ಗೀರಿದ ಗಾಜನ್ನು ಯಾರಾದರೂ ಬಿಡುತ್ತಾರೆಯೇ. ಪೂರ್ತಿ ಕೊಯ್ದ.

ತಲೆಗೂದಲು ಒರೆಸಿಕೊಳ್ಳುತ್ತ ಹೊರಗೆ ಬಂದ ಹೆಂಡತಿ ಕೊಯ್ದ ಬುಡವನ್ನು ನೋಡಿದಳು, ಗಂಡನನ್ನು ನೋಡಿದಳು.

"ರೀ, ಅದೊಂದೇ ಕಾಂಡ ಕಣ್ರೀ ಇಡೀ ಬಳ್ಳಿಗೆ."

ಮೇಲೆ ಬಳ್ಳಿ ಏನೂ ಆಗಿಲ್ಲವೆಂಬಂತೆ ಗಾಳಿಗೆ ತೂಗುತ್ತಿತ್ತು, ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಸುದ್ದಿ ಮುಟ್ಟುವ ಮುಂಚೆ ಏನಾದರೂ ಮಾಡಬೇಕಿತ್ತು. ಗಾಜಿನವನಿಗೆ ಗೊತ್ತಿರುವ ಮದ್ದು ಎರಡೇ: ಒಂದು ಕತ್ತರಿಸುವುದು, ಇನ್ನೊಂದು ಅಂಟಿಸುವುದು. ಮೊದಲನೆಯದು ಆಗಿಹೋಗಿತ್ತು. ಅವನು ಚೀಲದಿಂದ ಸಿಲಿಕೋನ್ ಅಂಟಿನ ಟ್ಯೂಬು ತೆಗೆದು, ಕೊಯ್ದ ಎರಡು ಬಾಯಿಗಳನ್ನೂ ಸೇರಿಸಿ, ಸುತ್ತ ಅಂಟು ಒತ್ತಿ, ಬೆರಳಿನಿಂದ ನಯಮಾಡಿ, ಮೇಲೆ ಟೇಪು ಸುತ್ತಿ, ಕಾಣದಂತೆ ಹೆಂಚಿನ ಚೂರುಗಳನ್ನು ಮತ್ತೆ ಜೋಡಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. ಅದೇ ಬೆಸುಗೆಯಲ್ಲಿ ಮೀನಿನ ತೊಟ್ಟಿ ಮಾಡಿದ್ದರೆ ಒಂದು ಹನಿ ನೀರೂ ಸೋರುತ್ತಿರಲಿಲ್ಲ. ಅವನಿಗೆ ಬೇಕಿದ್ದುದು ನೀರು ಹರಿಯುವುದು.

ಸೋಮವಾರ ಎಲೆಗಳು ಸ್ವಲ್ಪ ಬಾಗಿದವು. ಬಿಸಿಲಿಗೆ ಎಂದು ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಂಡರು. ಮಂಗಳವಾರ ಸಂಜೆ ಅವನು ತಿರುವಿನಲ್ಲಿ ನಿಂತು ಮೂಗು ಅರಳಿಸಿದ. ಕೈ ಹಿಡಿಯಲು ಪರಿಮಳ ಬಂದಿರಲಿಲ್ಲ. ಬಾಗಿಲ ಮೇಲಿನ ಇಡೀ ಚಪ್ಪರ ತಲೆ ಕೆಳಗೆ ಹಾಕಿತ್ತು. ಅಂದು ರಾತ್ರಿ ಊಟಕ್ಕೆ ಕೂತಾಗಲೇ ಫೋನು. ಅತ್ತೆ. ಕಣ್ಣಿನ ಪಟ್ಟಿ ತೆಗೆದಿದ್ದಾರೆ, ಕಪ್ಪು ಕನ್ನಡಕ ಕೊಟ್ಟಿದ್ದಾರೆ, ಬರುವ ಭಾನುವಾರ ಬೆಳಗ್ಗೆ ಷಡ್ಡಕ ಕಾರಿನಲ್ಲಿ ಬಿಟ್ಟು ಹೋಗುತ್ತಾನೆ. ಬಿಳಿ ಕಾಣುತ್ತಿದೆಯಾ ಎಂದು ಮಗಳು ಕೇಳಿದ್ದಕ್ಕೆ, ಇಲ್ಲಿ ಗೋಡೆಯಿಂದ ಹಾಸಿಗೆಯವರೆಗೆ ಎಲ್ಲವೂ ಕೆನೆಬಣ್ಣ, ನಿಮ್ಮ ಭಾವನ ರುಚಿ, ಯಾವುದನ್ನು ನಂಬಲಿ, ಬಳ್ಳಿ ನೋಡಿಯೇ ಹೇಳುತ್ತೇನೆ ಎಂದರಂತೆ. ಆಮೇಲೆ ಫೋನು ಅಳಿಯನ ಕೈಗೆ ಬಂತು.

"ಬಳ್ಳಿ ಹೇಗಿದೆ ಅಳಿಯಂದಿರೇ?"

"ಇದೆ ಅತ್ತೆ," ಎಂದ ಅವನು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನು ಹಿಂದಿನಿಂದಲೂ ಗಟ್ಟಿಗ.

ಗುರುವಾರದ ಹೊತ್ತಿಗೆ ಬಾಗಿಲ ಮೇಲಿನದೆಲ್ಲ ಮುಟ್ಟಿದರೆ ಪುಡಿ. ಅಂಗಡಿಯಲ್ಲಿ ಅವನು ಕಿಟಕಿಯ ಗಾಜೊಂದನ್ನು ಅಳತೆ ತಪ್ಪಿ ಕತ್ತರಿಸಿದ. ಮೇಸ್ತ್ರಿ ಹಳೆಯ ಹೆಸರನ್ನು ಹೊಸ ರಾಗದಲ್ಲಿ ಕರೆದರು. ಮನೆಗೆ ಬಂದರೆ ಹೆಂಡತಿ ಬಚ್ಚಲುಮನೆಯ ಪಕ್ಕ ಕತ್ತು ಮೇಲೆತ್ತಿ ನಿಂತಿದ್ದಳು. ಕಿಟಕಿಯ ಮೇಲೆ, ಒಣಗಿದ ಕಂದು ರಾಶಿಯ ನಡುವೆ, ಒಂದೇ ಒಂದು ಎಳೆ ಹಸಿರಾಗಿತ್ತು. ಎಲೆ ನೆಟ್ಟಗಿದ್ದವು, ತುದಿಯಲ್ಲಿ ಮೊಗ್ಗಿದ್ದವು. ಅವಳು ಬೆರಳಿಟ್ಟು ಆ ಎಳೆಯನ್ನು ಹಿಂಬಾಲಿಸುತ್ತ ಬಂದಳು, ಸತ್ತ ಬಳ್ಳಿಗಳೊಳಗೆ ನುಸುಳಿ, ಹೊರಬಂದು, ಗೋಡೆಯುದ್ದಕ್ಕೆ ಇಳಿದು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ. ಅಲ್ಲಿ ಯಾವಾಗಲೂ ನೀರು ಬಿದ್ದು ಮಣ್ಣು ಒದ್ದೆ. ಬಳ್ಳಿಯ ಒಂದು ತುಂಡು ಆ ಒದ್ದೆಯಲ್ಲಿ ಮಲಗಿ, ಯಾರನ್ನೂ ಕೇಳದೆ, ತನ್ನದೇ ಬೇರು ಬಿಟ್ಟುಕೊಂಡಿತ್ತು. ಒಗೆದ ಬಟ್ಟೆಯ ನೀರು ಕುಡಿದು ಬೇರೆ ಸಂಸಾರ ಹೂಡಿತ್ತು.

"ನಿಮಗಿಂತ ವಾಸಿ," ಎಂದಳು ಹೆಂಡತಿ. "ತನಗೊಂದು ಮನೆ ಮಾಡ್ಕೊಂಡಿದೆ."

ಬೈಗುಳ ಇಷ್ಟು ಹಿತವಾಗಿ ಅವನಿಗೆ ಎಂದೂ ಕೇಳಿಸಿರಲಿಲ್ಲ. ಆದರೆ ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬದುಕಿದ ಎಳೆ ಸತ್ತ ರಾಶಿಯ ಹೊಟ್ಟೆಯಲ್ಲಿತ್ತು. ಒಂದರ ಮೇಲೊಂದು ಹೆಣೆದುಕೊಂಡು ಹಗ್ಗದಂತೆ ಬಿಗಿದ ಕಾಂಡಗಳಲ್ಲಿ ಬದುಕಿದ್ದಾವುದು ಸತ್ತದ್ದಾವುದು ಕಣ್ಣಿಗೆ ತಿಳಿಯುವಂತಿರಲಿಲ್ಲ. ಎಲ್ಲದರ ತೊಗಟೆಯೂ ಒಂದೇ ಬಣ್ಣ. ಹಾಗೇ ಬಿಟ್ಟರೆ, ಗಾಳಿ ಜೋರಾಗಿ ಒಣ ರಾಶಿ ಕಳಚಿ ಬಿದ್ದ ದಿನ ಈ ಒಂದನ್ನೂ ಎಳೆದುಕೊಂಡು ಬೀಳುತ್ತದೆ. ಆಗಲೇ ಒಂದು ಕಡೆ ತಂತಿ ಬಿಟ್ಟು ಜೋಲುತ್ತಿತ್ತು.

ಶನಿವಾರ ಅರ್ಧ ದಿನದ ರಜೆ ಹಾಕಿ ಬಂದು ಏಣಿ ಹತ್ತಿದ. ಹೆಂಡತಿ ಕೆಳಗೆ ಕಲ್ಲಿನ ಹತ್ತಿರ ನಿಂತು ಬದುಕಿದ ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. ಅವನು ಮೇಲೆ ಒಂದು ಕಾಂಡವನ್ನು ಮೆಲ್ಲಗೆ ಜಗ್ಗುವುದು. ಅವಳ ಬೆರಳಿಗೆ ಮಿಡಿದರೆ ಅದು ಜೀವ, ಬಿಡುವುದು. ಮಿಡಿಯದಿದ್ದರೆ ಚಿಕ್ಕ ಚಿಕ್ಕ ತುಂಡಾಗಿ ಕತ್ತರಿಸಿ, ಸುತ್ತಿದ ದಿಕ್ಕಿಗೆ ವಿರುದ್ಧ ಬಿಚ್ಚಿ ತೆಗೆಯುವುದು. ಇದೂ ಇಲ್ಲ, ಇದೂ ಇಲ್ಲ, ತಡೀರಿ, ಇದು ಇರಬಹುದು ಎಂದು ಅವಳು ಕೆಳಗಿನಿಂದ ಹೇಳುತ್ತಿದ್ದಳು. ಬಿಸಿಲು ಬೆನ್ನು ಸುಡುತ್ತಿತ್ತು. ಒಣ ತೊಗಟೆಯ ಧೂಳು ಕಣ್ಣಿಗೆ, ಮೂಗಿಗೆ. ಗಾಜಾದರೆ ಒಡೆಯುವ ಮುಂಚೆ ಕಿಣಿ ಎಂದು ಒಂದು ಸದ್ದು ಮಾಡಿ ಎಚ್ಚರಿಸುತ್ತದೆ, ಇದು ಉಸಿರೆತ್ತುತ್ತಿರಲಿಲ್ಲ. ಒಮ್ಮೆ ಜಗ್ಗಿದ, ಅವಳು ಇಲ್ಲ ಎಂದಳು, ಕತ್ತರಿಯ ಬಾಯಿ ಕಾಂಡದ ಮೇಲೆ ಕೂತಿತು, ಒತ್ತಲು ಶುರುಮಾಡಿದ.

"ನಿಲ್ಲಿ. ಈಗ ಮಿಡೀತು."

ಅವನು ಕತ್ತರಿ ತೆಗೆದು ನೋಡಿದ. ಕಾಂಡದ ಮೇಲೆ ಉಗುರು ತಾಗಿದಂಥ ಗಾಯ, ಅದರೊಳಗೆ ಹಸಿರು. ಏಣಿಯ ಮೇಲೇ ಗೋಡೆಗೆ ಹಣೆ ಒತ್ತಿ ನಿಂತ. ಅವಳು ಬೆರಳು ಸಡಿಲಿಸಲಿಲ್ಲ.

ಸಂಜೆಗೆ ಮುಗಿಯಿತು. ಬರಿ ಗೋಡೆಯ ಮೇಲೆ, ಬಚ್ಚಲ ಕಿಟಕಿಯಿಂದ ಬಾಗಿಲವರೆಗೆ, ಒಂದೇ ಬಳ್ಳಿ. ನೆಲ ಗುಡಿಸುವಾಗ ಕಸದಲ್ಲಿ ಬೆಳ್ಳಗಿನ ಮೊಗ್ಗುಗಳು ಸಿಕ್ಕವು. ಆ ಸಂಜೆ ಅರಳಬೇಕಿದ್ದವೆಲ್ಲ ಎಳೆದಾಟದಲ್ಲಿ ಉದುರಿದ್ದವು. ಬಳ್ಳಿಯ ಮೇಲೆ ಉಳಿದದ್ದು ಹಿಂದಿನ ದಿನ ಅರಳಿದ ನಾಲ್ಕಾರು ಹೂವು, ಮತ್ತೆ ಇನ್ನೂ ಮುಷ್ಟಿ ಬಿಗಿದ ಎಳೆ ಮೊಗ್ಗು. ಹುಳ ಬಿದ್ದಿತ್ತು ಎಂದು ಹೇಳೋಣ ಎಂದಳು ಹೆಂಡತಿ. ಅವನು ತಲೆಯಾಡಿಸಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಅವನಿಗೆ ಒಂದು ಭಾನುವಾರ ದಾಟಿದರೆ ಸಾಕಿತ್ತು.

ಬೆಳಗ್ಗೆ ಕಾರು ಬಂತು. ಷಡ್ಡಕ ಇಳಿಯಲೂ ಇಲ್ಲ, ಕೆಲಸವಿದೆ ಎಂದು ಹೊರಟುಹೋದ. ಕಪ್ಪು ಕನ್ನಡಕ ಹಾಕಿದ ಅತ್ತೆ ಗೇಟಿನ ಒಳಗೆ ಬಂದು ನಿಂತು, ಬಾಗಿಲ ಮೇಲಿನ ಬರಿ ತಂತಿಯನ್ನು ನೋಡಿದರು.

"ಹುಳ ಬಿದ್ದಿತ್ತು ಅತ್ತೆ," ಎಂದ ಅಳಿಯ, ಅವರು ಕೇಳುವ ಮುಂಚೆಯೇ.

ಅತ್ತೆ ಉಳಿದ ಬಳ್ಳಿಯ ಹತ್ತಿರ ಹೋದರು. ಕನ್ನಡಕ ತೆಗೆದರು. ಒಂದು ಹೂವನ್ನು ಹಿಡಿದು ಮುಖದ ಹತ್ತಿರ ತಂದರು, ಬಿಟ್ಟರು, ಇನ್ನೊಂದನ್ನು ಹಿಡಿದರು. ಹೊಸ ಕಣ್ಣಿನ ಮೇಲೆ ಕೈಯಿಟ್ಟು ಹಳೆಯದರಲ್ಲಿ ನೋಡಿದರು, ಮತ್ತೆ ಹಳೆಯದನ್ನು ಮುಚ್ಚಿ ಹೊಸದರಲ್ಲಿ. ಅವರ ಭುಜ ಕುಸಿದದ್ದು ಅಳಿಯನಿಗೆ ಹಿಂದಿನಿಂದಲೇ ಕಂಡಿತು.

"ಎಲ್ಲಾ ಹಳದಿನೇ," ಎಂದರು. "ನನಗೆ ಗೊತ್ತಿತ್ತು. ನಮ್ಮಕ್ಕಂಗೂ ಹಿಂಗೇ ಆಗಿದ್ದು. ಇನ್ನೊಂದು ಕಣ್ಣಿನ ಮಾತು ಇನ್ನು ಬೇಡ."

ಹೂವು ನಿಜವಾಗಿಯೂ ಹಳದಿಯೇ ಅಮ್ಮ, ಮೊನ್ನೆ ಅರಳಿದವು ಎಂದಳು ಮಗಳು. ಸಮಾಧಾನಕ್ಕೆ ಹೇಳಬೇಡ, ಬಳ್ಳಿಯ ಮೇಲೆ ಒಂದೂ ಬಿಳಿ ಇಲ್ಲದ ದಿನ ಈ ಕಾಲದಲ್ಲಿ ನಾನು ಕಂಡಿಲ್ಲ ಎಂದರು ಅತ್ತೆ. ಅದೂ ನಿಜವೇ, ಬಳ್ಳಿ ಬಳ್ಳಿಯಾಗಿದ್ದಾಗ ಅಂಥ ದಿನ ಬಂದಿರಲಿಲ್ಲ. ಅಳಿಯನ ಸುಳ್ಳು ನಿಂತಿತ್ತು, ಎಲ್ಲೂ ಸೋರದೆ, ಸಿಲಿಕೋನ್ ಹಾಕಿದಷ್ಟು ಭದ್ರವಾಗಿ. ಅದು ನಿಲ್ಲಬೇಕಾದರೆ ಒಂದು ಕಣ್ಣು ಹೋಗಬೇಕಿತ್ತು. ತಾನು ಸಿಕ್ಕಿಬೀಳಬೇಕು, ಇಲ್ಲವೇ ಆ ಕಣ್ಣು ಹೋಗಬೇಕು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡು ಅವನು ಒಳಗೆ ಹೋದ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ, ಅಡುಗೆಮನೆಯ ಗಿಡ್ಡ ಸ್ಟೂಲು ತಂದು ಬುಡದ ಪಕ್ಕ ಇಟ್ಟ. ಅತ್ತೆಯನ್ನು ಕೂರಿಸಿದ. ಹೆಂಚಿನ ಚೂರುಗಳನ್ನು ಒಂದೊಂದಾಗಿ ತೆಗೆದ. ಟೇಪು ಬಿಚ್ಚಿದ. ಅಂಟಿಸಿದ್ದ ಒಣ ಕಾಂಡದ ತುಂಡನ್ನು ಕಿತ್ತು ಪಕ್ಕಕ್ಕಿಟ್ಟ.

"ಏನು ಕಾಣುತ್ತೆ ಹೇಳಿ ಅತ್ತೆ."

ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅತ್ತೆ ಬಹಳ ಹೊತ್ತು ನೋಡಿದರು.

"ಗರಗಸ," ಎಂದರು ಕೊನೆಗೆ. "ಇಲ್ಲಿ ಶುರು ಮಾಡಿದೀರ. ಅರ್ಧಕ್ಕೆ ನಿಲ್ಲಿಸಿದೀರ. ಆಮೇಲೆ ಕೈ ಅದುರಿದೆ, ಗೆರೆ ಸೊಟ್ಟ ಹೋಗಿದೆ. ನನ್ನ ಮೇಜಿನ ಮುಂದೆ ಹಿಂಗೆ ಕತ್ತರಿಸಿದ್ರೆ ಮನೆಗೆ ಕಳಿಸ್ತಿದ್ದೆ." ಬೆರಳು ಮುಂದೆ ಬಂತು. "ಇದೇನು ಸುತ್ತ, ಮಿರಮಿರ ಅಂತಿದೆ?"

"ಸಿಲಿಕೋನ್. ಮೀನಿನ ತೊಟ್ಟಿಗೆ ಹಾಕ್ತೀವಿ."

"ಬಳ್ಳೀನ ಅಂಟಿಸಿದ್ರಾ?"

"ಹೂಂ."

ಅತ್ತೆ ಅವನ ಮುಖ ನೋಡಿದರು. ಬಹುಶಃ ಮದುವೆಯಾದ ಮೇಲೆ ಅಷ್ಟು ಹತ್ತಿರದಿಂದ, ಅಷ್ಟು ಸ್ಪಷ್ಟವಾಗಿ ಅವರು ಆ ಮುಖವನ್ನು ನೋಡಿದ್ದು ಅದೇ ಮೊದಲು. ಅವನು ಬೈಗುಳಕ್ಕೆ ಕಾದ. ಬಿರುಕು ಎಂದುಕೊಂಡೆ, ಓಡುತ್ತದೆ ಎಂದುಕೊಂಡೆ ಎಂದೇನೋ ತೊದಲಿದ. ಅವರು ಮತ್ತೆ ಬುಡಕ್ಕೆ ತಿರುಗಿದರು. ಕಣ್ಣು ಕಿರಿದು ಮಾಡಿ, ಕೊಯ್ದ ಜಾಗದ ಪಕ್ಕ, ಸಿಪ್ಪೆ ಎದ್ದ ತೊಗಟೆಯ ಸಂದಿಗೆ ಬೆರಳು ತೋರಿಸಿದರು.

"ಇದು ಕಾಣಲಿಲ್ವಾ ನಿಮಗೆ?"

ಅವನಿಗೆ ಕಾಣಲಿಲ್ಲ. ಮಂಡಿಯೂರಿ, ಮುಖ ನೆಲಕ್ಕೆ ತಾಗುವಷ್ಟು ಬಗ್ಗಿದ ಮೇಲೆ ಕಂಡಿತು. ಸಾಸಿವೆ ಕಾಳಿನಷ್ಟು ಹಸಿರು ಚಿಗುರು. ಪಕ್ಕದಲ್ಲಿ ಇನ್ನೊಂದು. ಇಡೀ ವಾರ ನಾಲ್ಕು ಒಳ್ಳೆಯ ಕಣ್ಣುಗಳು ದಿನಾ ಹೆಂಚು ಸರಿಸಿ ಅದೇ ಬುಡ ನೋಡಿ ಅಳುತ್ತಿದ್ದವು, ಒಂದಕ್ಕೂ ಇದು ಬಿದ್ದಿರಲಿಲ್ಲ. ಅತ್ತೆ ಎದ್ದು ಒಳಗೆ ಹೋದರು.

ಆ ದಿನ ಮನೆಯಲ್ಲಿ ಪಾತ್ರೆಗಳೂ ಮೆಲ್ಲಗೆ ಮಾತಾಡಿದವು. ಅತ್ತೆ ಊಟ ಮಾಡಿದರು, ಕಣ್ಣಿಗೆ ಔಷಧಿಯ ಹನಿ ಹಾಕಿಸಿಕೊಂಡರು, ಮಲಗಿದರು. ಇನ್ನೊಂದು ಕಣ್ಣಿನ ಮಾತು ಅವರೂ ಎತ್ತಲಿಲ್ಲ, ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಬಿಸಿಲು ಇಳಿಯುವಾಗ ಅವರೇ ಸ್ಟೂಲು ಹಿಡಿದು ಬಚ್ಚಲ ಕಿಟಕಿಯ ಕೆಳಗೆ ಹೋಗಿ ಕೂತರು. ಅಳಿಯ ಬಾಗಿಲ ಮರೆಯಲ್ಲಿ ನಿಂತ. ಬೆಳಗ್ಗೆ ಮುಷ್ಟಿ ಬಿಗಿದಿದ್ದ ಮೊಗ್ಗುಗಳಲ್ಲಿ ಒಂದು ಉದ್ದವಾಗಿ, ತುದಿ ಉಬ್ಬಿ ನಿಂತಿತ್ತು. ಅದು ಇವತ್ತೇ ಬಿಚ್ಚುತ್ತದೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಬೆಳಕು ಕಡಿಮೆಯಾಗುತ್ತಿತ್ತು, ಇನ್ನು ಸ್ವಲ್ಪ ಹೊತ್ತು ಹೋದರೆ ಯಾವ ಕಣ್ಣಿಗೂ ಯಾವ ಬಣ್ಣವೂ ಕಾಣುವುದಿಲ್ಲ. ಅತ್ತೆ ಅಲುಗಲಿಲ್ಲ. ಅವನೂ.

ಮೊಗ್ಗಿನ ತುದಿ ಸೀಳಿತು. ಒಂದು ತುಟಿ ಹಿಂದಕ್ಕೆ ಸುರುಳಿ ಸುತ್ತಿಕೊಂಡಿತು, ಒಳಗಿನಿಂದ ಎಳೆಗಳು ಹೊರಗೆ ಚಿಮ್ಮಿದವು. ಅತ್ತೆ ಕೈಯಿಂದ ಹಳೆಯ ಕಣ್ಣನ್ನು ಮುಚ್ಚಿಕೊಂಡರು.

"ಬಿಳಿ," ಎಂದರು.

ಅದರ ಪಕ್ಕದ ಹಳದಿ ಹೂವನ್ನು ನೋಡಿ, ಮತ್ತೆ ಇದನ್ನು ನೋಡಿ, ಇನ್ನೊಮ್ಮೆ ಅದನ್ನೇ ಹೇಳಿದರು. ಪರಿಮಳ ಒಂದೇ ಹೂವಿನದಾದ್ದರಿಂದ ತಿರುವಿನವರೆಗೆ ಹೋಗುವಷ್ಟಿರಲಿಲ್ಲ. ಬಾಗಿಲ ಮರೆಯವರೆಗೆ ಬಂತು.

"ಅಲ್ಲೇನು ನಿಂತಿದೀಯ, ಬಾ ಇಲ್ಲಿ," ಎಂದರು ಅತ್ತೆ, ತಿರುಗಿ ನೋಡದೆ. ಅವನು ಹೋದ. "ನಾಳೆ ಆ ಡಾಕ್ಟರಿಗೆ ಫೋನು ಮಾಡು. ಇನ್ನೊಂದಕ್ಕೂ ದಿನ ಗೊತ್ತು ಮಾಡಿಸು. ಒಂದೇ ಕಣ್ಣಲ್ಲಿ ಇಷ್ಟು ಕಾಣ್ತು. ಎರಡೂ ಸರಿಯಾದ ಮೇಲೆ ನೀನು ಈ ಮನೇಲಿ ಇನ್ನೂ ಏನೇನು ಅಂಟಿಸಿಟ್ಟಿದೀಯ ಅಂತ ನೋಡ್ಬೇಕು."

ಅವನು ಹೂಂ ಎಂದ. ನಿಜ ಹೇಳಬೇಕೆಂದರೆ ಬಚ್ಚಲುಮನೆಯ ಸೋಪಿನ ತಟ್ಟೆಯೊಂದಿತ್ತು, ಅಡುಗೆಮನೆಯ ಜಾಡಿಯ ಮುಚ್ಚಳವೊಂದಿತ್ತು. ಅವನ್ನು ಈಗಲೇ ಹೇಳುವ ಅಗತ್ಯ ಕಾಣಲಿಲ್ಲ.

"ಗರಗಸ ಎಲ್ಲಿ?" ಎಂದು ಕೇಳಿದರು ಅತ್ತೆ.

ತಂದುಕೊಟ್ಟ. ಅವರು ಅದನ್ನು ಒಳಗೆ ಒಯ್ದು ತಮ್ಮ ಮಂಚದ ಕೆಳಗೆ, ಹಳೆಯ ಕತ್ತರಿಯ ಪಕ್ಕದಲ್ಲಿ ಇಟ್ಟುಕೊಂಡರು.